ಮೂರು ಚೆಂಡಿನ ಸ್ಪೈರೋಮೀಟರ್: ಕೋವಿಡ್ ನಂತರ ಎಲ್ಲಿಯವರೆಗೆ ಕೈಹಿಡಿಯುತ್ತದೆ?

ಕೋವಿಡ್ ನ್ಯುಮೋನಿಯಾದಿಂದ ಎದ್ದು ಬಂದವರ ಹಾಸಿಗೆಯ ಪಕ್ಕ ಸಾಮಾನ್ಯವಾಗಿ ಎರಡು ವಸ್ತು ಇರುತ್ತವೆ. ಒಂದು, ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಶೇಕಡಾ ಎಷ್ಟಿದೆ ಎಂದು ನೋಡುವ ಆಕ್ಸಿಮೀಟರ್. ಇನ್ನೊಂದು, ಆಳವಾಗಿ ಉಸಿರೆಳೆಯುವ ಅಭ್ಯಾಸಕ್ಕೆ ಬಳಸುವ, ಮೂರು ಬಣ್ಣದ ಚೆಂಡುಗಳ ಪ್ಲಾಸ್ಟಿಕ್ ಸ್ಪೈರೋಮೀಟರ್. ಈ ವಿಮರ್ಶೆ ಎರಡನೆಯದರದ್ದು. ಕೊಳ್ಳುವವರು ಬಹಳ, ಸರಿಯಾಗಿ ಬಳಸುವವರು ಕಡಿಮೆ, ಅದರಿಂದ ಆಗದ ಕೆಲಸವನ್ನು ಅದರಿಂದ ಬಯಸುವವರೂ ಬಹಳ. ನಮ್ಮ ತೀರ್ಮಾನ ಮೊದಲೇ ಹೇಳಿಬಿಡುತ್ತೇವೆ: ಹಾಸಿಗೆ ಬಿಟ್ಟು ಹೆಚ್ಚು ಏಳಲಾಗದ ಮೊದಲ ದಿನಗಳಲ್ಲಿ ಇದು ಒಳ್ಳೆಯ ಜೊತೆಗಾರ. ಓಡಾಡಲು ಶುರುವಾದ ಮೇಲೆ ಇದರ ಪಾಲು ಚಿಕ್ಕದು. ಆಗ ಬೇಕಾದ್ದು ಒಂದು ಗಟ್ಟಿ ಕುರ್ಚಿ, ಒಂದು ಗಡಿಯಾರ ಮತ್ತು ದೇಹದ ಮಾತು ಕೇಳುವ ತಾಳ್ಮೆ.

ಸಾಧನ ಸರಳ. ಪಕ್ಕಪಕ್ಕ ನಿಂತ ಮೂರು ಪಾರದರ್ಶಕ ಕೊಳವೆ, ಪ್ರತಿಯೊಂದರಲ್ಲೂ ಒಂದು ಹಗುರ ಚೆಂಡು, ಬುಡದಿಂದ ಹೊರಟ ಸುಕ್ಕುಪೈಪು, ಅದರ ತುದಿಗೆ ಮೌತ್‌ಪೀಸ್. ಕೊಳವೆಗಳ ಮೇಲೆ 600, 900, 1200 ಎಂದು ಬರೆದಿರುತ್ತದೆ. ಮೊದಲ ತಪ್ಪು ಈ ಅಂಕಿ ಓದುವುದರಲ್ಲೇ ಆಗುತ್ತದೆ. ಅವು ಎದೆಯೊಳಗೆ ಹೋದ ಗಾಳಿಯ ಪ್ರಮಾಣವನ್ನು ಹೇಳುವುದಿಲ್ಲ, ಗಾಳಿ ಹೋಗುವ ವೇಗವನ್ನು ಹೇಳುತ್ತವೆ. ಸೆಕೆಂಡಿಗೆ 600 ಮಿಲಿಲೀಟರ್ ವೇಗದಲ್ಲಿ ಎಳೆದರೆ ಮೊದಲ ಚೆಂಡು ಏಳುತ್ತದೆ, 900 ಆದರೆ ಎರಡನೆಯದು, 1200 ಆದರೆ ಮೂರನೆಯದು.

ಇಲ್ಲೊಂದು ಚಿಕ್ಕ ಲೆಕ್ಕ ಮಾಡಿ ನೋಡಿ. ಒಬ್ಬರು ಜೋರಾಗಿ ಒಮ್ಮೆ ಸೆಳೆದು ಮೂರೂ ಚೆಂಡನ್ನು ಅರ್ಧ ಸೆಕೆಂಡು ಮೇಲಕ್ಕೆ ಹಾರಿಸಿದರು ಎನ್ನೋಣ. 1200ರ ಅರ್ಧ, ಅಂದರೆ ಒಳಗೆ ಹೋದದ್ದು ಸುಮಾರು 600 ಮಿಲಿಲೀಟರ್. ಸುಮ್ಮನೆ ಕುಳಿತಾಗ ವಯಸ್ಕರು ಎಳೆಯುವ ಉಸಿರೇ ಹೆಚ್ಚುಕಮ್ಮಿ 500 ಇರುತ್ತದೆ. ಇನ್ನೊಬ್ಬರು ಒಂದೇ ಚೆಂಡನ್ನು ಎತ್ತಿ, ಅದನ್ನು ಬೀಳಲು ಬಿಡದೆ 3 ಸೆಕೆಂಡು ತೇಲಿಸಿದರು. 600ರ ಮೂರು ಪಟ್ಟು, 1800 ಮಿಲಿಲೀಟರ್. ನೋಡಲು ಮೊದಲನೆಯವರು ಗೆದ್ದಂತೆ ಕಾಣುತ್ತಾರೆ, ಆದರೆ ಶ್ವಾಸಕೋಶದ ಬುಡದವರೆಗೆ ಗಾಳಿ ತಲುಪಿಸಿದವರು ಎರಡನೆಯವರು. ಈ ಸಾಧನದ ದೊಡ್ಡ ದೋಷ ಇದೇ. ಮೂರು ಚೆಂಡು ಕಣ್ಣ ಮುಂದೆ ಇಟ್ಟರೆ ಮೂರನ್ನೂ ಎಬ್ಬಿಸಬೇಕು ಎಂದು ಯಾರಿಗಾದರೂ ಅನಿಸುತ್ತದೆ. ಮನೆಯವರೂ ಪಕ್ಕದಲ್ಲಿ ನಿಂತು «ಇನ್ನೂ ಜೋರಾಗಿ» ಎನ್ನುತ್ತಾರೆ. ಜೋರಾಗಿ ಸೆಳೆದಷ್ಟೂ ಕುತ್ತಿಗೆ ಮತ್ತು ಭುಜದ ಸ್ನಾಯುಗಳು ಕೆಲಸ ಕಿತ್ತುಕೊಳ್ಳುತ್ತವೆ, ವಪೆ (ಎದೆ ಮತ್ತು ಹೊಟ್ಟೆಯ ನಡುವೆ ಇರುವ, ಉಸಿರೆಳೆಯುವ ಮುಖ್ಯ ಸ್ನಾಯು) ಹಿಂದೆ ಉಳಿಯುತ್ತದೆ, ಗಾಳಿ ಎದೆಯ ಮೇಲ್ಭಾಗದಲ್ಲೇ ಆಡಿ ಹೊರಬರುತ್ತದೆ. ನಿಜವಾದ ಗುರಿ ಹೀಗಿರಲಿ: ಮೊದಲ ಚೆಂಡು ಮೇಲೆ ನಿಲ್ಲಬೇಕು, ಸಾಧ್ಯವಾದರೆ ಎರಡನೆಯದೂ ನಿಲ್ಲಲಿ, ಮೂರನೆಯದು ಕೆಳಗೇ ಇರಲಿ.

ಬಳಸುವ ಕ್ರಮ ಹೇಳುತ್ತೇವೆ. ಹಾಸಿಗೆಯ ಅಂಚಿನಲ್ಲೋ ಕುರ್ಚಿಯಲ್ಲೋ ಬೆನ್ನು ನೆಟ್ಟಗೆ ಮಾಡಿ ಕುಳಿತುಕೊಳ್ಳಿ. ಏಳಲಾಗದವರು ತಲೆದಿಂಬು ಏರಿಸಿ ಅರೆಕುಳಿತ ಭಂಗಿಯಲ್ಲಾದರೂ ಇರಬೇಕು, ಅಂಗಾತ ಮಲಗಿ ಮಾಡಬಾರದು. ಸಾಧನವನ್ನು ಕಣ್ಣಿನ ಮಟ್ಟಕ್ಕೆ ನೇರವಾಗಿ ಹಿಡಿಯಿರಿ. ಮೊದಲು ಸಾಧನದಿಂದ ಬಾಯಿ ದೂರವಿಟ್ಟು ಉಸಿರನ್ನು ನಿಧಾನವಾಗಿ ಪೂರ್ತಿ ಹೊರಬಿಡಿ. ಆಮೇಲೆ ಮೌತ್‌ಪೀಸನ್ನು ತುಟಿಗಳಿಂದ ಬಿಗಿಯಾಗಿ ಸುತ್ತಿ ಹಿಡಿದು, ಹಲ್ಲಿನಿಂದ ಕಚ್ಚದೆ, ನಿಧಾನವಾಗಿ ಒಳಕ್ಕೆ ಎಳೆಯಿರಿ. ಚೆಂಡು ಎದ್ದ ಮೇಲೆ ಅದೇ ವೇಗದಲ್ಲಿ ಮುಂದುವರಿಸಿ. ಇನ್ನು ಎಳೆಯಲಾಗದು ಅನ್ನಿಸಿದಾಗ ಮೌತ್‌ಪೀಸ್ ತೆಗೆದು, ಉಸಿರನ್ನು 3 ಸೆಕೆಂಡು ಒಳಗೇ ಹಿಡಿದು, ಸಮಾಧಾನವಾಗಿ ಬಿಡಿ. ಈ ಹಿಡಿತವನ್ನು ಬಿಟ್ಟುಬಿಡುವವರೇ ಹೆಚ್ಚು. ಸೋಂಕಿನಿಂದ ಗಡುಸಾದ ಭಾಗಗಳಿಗೆ ಗಾಳಿ ತುಂಬಲು ಉಳಿದ ಭಾಗಗಳಿಗಿಂತ ಹೆಚ್ಚು ಹೊತ್ತು ಬೇಕು. ಆ 3 ಸೆಕೆಂಡು ಇರುವುದು ಅವುಗಳಿಗಾಗಿಯೇ. ಒಂದು ಉಸಿರಾದ ಮೇಲೆ ಎರಡು ಮೂರು ಸಾಮಾನ್ಯ ಉಸಿರು ತೆಗೆದುಕೊಂಡು ಮುಂದಿನದಕ್ಕೆ ಹೋಗಿ. ಒಂದು ಕಂತಿಗೆ 5ರಿಂದ 10 ಉಸಿರು ಸಾಕು. ಕೊನೆಯಲ್ಲಿ ಬೇಕೆಂದೇ ಎರಡು ಸಲ ಕೆಮ್ಮಿದರೆ ಸಡಿಲವಾದ ಕಫ ಮೇಲೆ ಬರುತ್ತದೆ. ಊಟವಾದ ಕೂಡಲೇ ಮಾತ್ರ ಬೇಡ.

ಚೆಂಡು ಏಳುತ್ತಲೇ ಇಲ್ಲ ಎಂದರೆ ಶ್ವಾಸಕೋಶವನ್ನು ದೂರುವ ಮುನ್ನ ಸಾಧನ ನೋಡಿ. ಪೈಪನ್ನು ಬುಡದ ತೂತಿಗೆ ಅರ್ಧಂಬರ್ಧ ಸಿಕ್ಕಿಸಿರಬಹುದು. ಸುಕ್ಕುಪೈಪಿನ ಮಡಿಕೆಯಲ್ಲಿ ಬಿರುಕು ಬಿಟ್ಟಿರಬಹುದು. ಬೆಳಕಿಗೆ ಹಿಡಿದು, ಸ್ವಲ್ಪ ಬಗ್ಗಿಸಿ ನೋಡಿದರೆ ತಿಳಿಯುತ್ತದೆ. ತೊಳೆದ ಮೇಲೆ ನೀರಿನ ಹನಿ ಉಳಿದು ಚೆಂಡು ಗೋಡೆಗೆ ಅಂಟಿರಬಹುದು. ಕೆಲವರಿಗೆ ಮೂಗಿನಿಂದ ಗಾಳಿ ಸೋರುತ್ತದೆ, ಮೂಗು ಮುಚ್ಚಿಕೊಂಡು ಒಮ್ಮೆ ಪ್ರಯತ್ನಿಸಿದರೆ ಅದು ಹೌದೋ ಅಲ್ಲವೋ ಗೊತ್ತಾಗುತ್ತದೆ. ಕಟ್ಟಿಸಿದ ಹಲ್ಲಿನ ಸೆಟ್ ಇರುವವರು ಅದನ್ನು ಹಾಕಿಕೊಂಡೇ ಮಾಡಬೇಕು, ಇಲ್ಲವಾದರೆ ತುಟಿಯ ಹಿಡಿತ ಸಡಿಲ. ಇದಕ್ಕೆ ತದ್ವಿರುದ್ಧವಾಗಿ, ಚೆಂಡು ಬಹಳ ಸುಲಭವಾಗಿ ಎದ್ದರೂ ಅನುಮಾನಪಡಿ. ಸಾಧನವನ್ನು ಓರೆಯಾಗಿ ಹಿಡಿದರೆ ಚೆಂಡಿನ ಭಾರ ಕೊಳವೆಯ ಗೋಡೆಗೆ ಒರಗುತ್ತದೆ, ಕಡಿಮೆ ಗಾಳಿಗೇ ಜಾರಿಕೊಂಡು ಮೇಲೇರುತ್ತದೆ. ಇನ್ನು ಇದಕ್ಕೆ ಊದುವವರೂ ಉಂಟು. ಇದು ಒಳಕ್ಕೆ ಎಳೆಯುವ ಸಾಧನ. ಬಾಯಿಂದ ಬಲವಾಗಿ ಊದಿದರೆ ಚೆಂಡು ಏಳುವುದಿಲ್ಲ, ಕೆಮ್ಮು ಕೆರಳುತ್ತದೆ, ಪೈಪಿನೊಳಗೆ ತೇವ ತುಂಬುತ್ತದೆ.

ತಲೆ ಸುತ್ತುವುದು, ತುಟಿಯ ಸುತ್ತ ಮತ್ತು ಬೆರಳ ತುದಿಯಲ್ಲಿ ಜುಮ್ಮೆನ್ನುವುದು ಆಮ್ಲಜನಕದ ಕೊರತೆಯ ಲಕ್ಷಣ ಎಂದು ಹೆದರಿ ಇನ್ನೂ ಜೋರಾಗಿ ಎಳೆಯಬೇಡಿ. ವಿರಾಮವಿಲ್ಲದೆ ಉಸಿರಾಡಿದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಮಿತಿಮೀರಿ ಹೊರಹೋಗಿ ಹೀಗಾಗುವುದೇ ಹೆಚ್ಚು. ಸಾಧನ ಕೆಳಗಿಟ್ಟು, ಮೂಗಿನಿಂದ ಮೆಲ್ಲಗೆ ಉಸಿರಾಡುತ್ತ ಎರಡು ನಿಮಿಷ ಕುಳಿತರೆ ಸರಿಹೋಗುತ್ತದೆ. ಕೋವಿಡ್ ನಂತರ ಕೆಲವರ ಉಸಿರಾಟದ ಲಯವೇ ಕೆಟ್ಟಿರುತ್ತದೆ: ಮೇಲೆದೆಯಿಂದ ಬೇಗ ಬೇಗ ಉಸಿರು, ನಡುವೆ ನಿಟ್ಟುಸಿರು, ಆಕಳಿಕೆ. ಅವರ ಆಮ್ಲಜನಕ 98 ಇರುತ್ತದೆ, ಸ್ಕ್ಯಾನ್ ಚೆನ್ನಾಗಿರುತ್ತದೆ, ಆದರೂ ಉಸಿರು ಸಾಲದು ಅನ್ನಿಸುತ್ತದೆ. ಇಂಥವರಿಗೆ ದೊಡ್ಡ ದೊಡ್ಡ ಉಸಿರು ಎಳೆಸುವ ಈ ಸಾಧನ ತೊಂದರೆಯನ್ನೇ ಹೆಚ್ಚಿಸಬಹುದು. ಅವರಿಗೆ ಬೇಕಾದ್ದು ಚಿಕ್ಕ, ನಿಧಾನವಾದ, ಹೊಟ್ಟೆಯಿಂದ ಏಳುವ ಉಸಿರು. ಮೂಗಿನಿಂದ ಎರಡು ಎಣಿಸುವಷ್ಟು ಒಳಕ್ಕೆ, ದೀಪ ಆರದಂತೆ ಊದುವ ಹಾಗೆ ತುಟಿ ಮೊನಚಿಸಿ ನಾಲ್ಕು ಎಣಿಸುವಷ್ಟು ಹೊರಕ್ಕೆ.

ಹೆಸರಿನಲ್ಲಿ ಸ್ಪೈರೋಮೀಟರ್ ಎಂದಿದ್ದರೂ ಇದು ಪರೀಕ್ಷೆಯ ಯಂತ್ರ ಅಲ್ಲ. ಶ್ವಾಸಕೋಶದ ಸಾಮರ್ಥ್ಯ ಅಳೆಯುವ ಸ್ಪೈರೋಮೆಟ್ರಿ ಬೇರೆ. ಅಲ್ಲಿ ಊದಿಸಿ, ಮೊದಲ ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬಂತು, ಒಟ್ಟು ಎಷ್ಟು ಬಂತು ಎಂದು ಲೆಕ್ಕ ಹಾಕುತ್ತಾರೆ. ಮೂರೂ ಚೆಂಡು ಎತ್ತಿದವರಿಗೆ ಶ್ವಾಸಕೋಶ ಗುಣವಾಯಿತು ಎಂದೂ, ಒಂದೇ ಎತ್ತಿದವರಿಗೆ ಆಗಿಲ್ಲ ಎಂದೂ ತಿಳಿಯಬಾರದು. ಇದು ಮೊದಲಿಗೆ ಬಂದದ್ದೇ ಎದೆ ಮತ್ತು ಹೊಟ್ಟೆಯ ಶಸ್ತ್ರಚಿಕಿತ್ಸೆಯಾದವರಿಗೆ. ನೋವಿಗೆ ಹೆದರಿ ಆಳವಾಗಿ ಉಸಿರೆಳೆಯದವರ ಶ್ವಾಸಕೋಶದ ತಳಭಾಗ ಮುದುಡಬಾರದು ಎಂಬುದು ಅದರ ಉದ್ದೇಶ. ಶಸ್ತ್ರಚಿಕಿತ್ಸೆಯ ನಂತರವೂ ಇದೊಂದನ್ನೇ ನೆಚ್ಚಿಕೊಂಡರೆ ಹೆಚ್ಚಿನ ಲಾಭವಿಲ್ಲ, ಬೇಗ ಎಬ್ಬಿಸಿ ನಡೆಸುವುದರ ಜೊತೆ ಇದು ಸೇರಬೇಕು ಎಂಬುದೇ ಸಂಶೋಧನೆಗಳ ಒಟ್ಟು ಒಲವು.

ಚೆಂಡಿನದ್ದರ ಬದಲು ಪಿಸ್ಟನ್ ಇರುವ ಇನ್ನೊಂದು ಬಗೆ ಸಿಗುತ್ತದೆ. ಆಯ್ಕೆ ಇದ್ದರೆ ನಾವು ಅದನ್ನೇ ಹೇಳುತ್ತೇವೆ. ಉಸಿರೆಳೆದಂತೆ ದೊಡ್ಡ ಕೊಳವೆಯಲ್ಲಿ ಪಿಸ್ಟನ್ ಮೇಲೇರುತ್ತದೆ, ಪಕ್ಕದ ಗುರುತುಗಳು ಮಿಲಿಲೀಟರ್‌ನಲ್ಲಿ ನಿಜವಾದ ಪ್ರಮಾಣ ತೋರಿಸುತ್ತವೆ, ಬದಿಯ ಚಿಕ್ಕ ಸೂಚಕ ವೇಗ ಹೆಚ್ಚಾಯಿತೋ ಕಡಿಮೆಯಾಯಿತೋ ಹೇಳುತ್ತದೆ. ಜೋರಾಗಿ ಸೆಳೆದು ಮೋಸಹೋಗುವ ಸಾಧ್ಯತೆ ಇಲ್ಲಿ ಕಡಿಮೆ. ನಿನ್ನೆ 1250, ಇಂದು 1500 ಎಂದು ಬರೆದಿಡಲೂ ಬರುತ್ತದೆ. ಗಾತ್ರ ದೊಡ್ಡದು, ಹಾಸಿಗೆಯ ಮೇಲೆ ಬೇಗ ಉರುಳುತ್ತದೆ. ತೊಂದರೆ ಎಂದರೆ ಅಷ್ಟೇ.

ಉಸಿರೆಳೆಯುವ ಸ್ನಾಯುಗಳಿಗೆ ಭಾರ ಹೊರಿಸುವ ಸಾಧನ ಮೂರನೆಯ ಬಗೆ. ನೋಡಲು ಚಿಕ್ಕ ಪೀಪಿಯಂತಿರುತ್ತದೆ, ಒಳಗೊಂದು ಸ್ಪ್ರಿಂಗ್ ಕವಾಟ. ನಿಗದಿ ಮಾಡಿದಷ್ಟು ಒತ್ತಡದಿಂದ ಎಳೆದರೆ ಮಾತ್ರ ಕವಾಟ ತೆರೆಯುತ್ತದೆ. ತೋಳಿಗೆ ಡಂಬೆಲ್ ಹೇಗೋ ವಪೆಗೆ ಇದು ಹಾಗೆ. ವೆಂಟಿಲೇಟರ್‌ನಲ್ಲಿ ಹೆಚ್ಚು ದಿನ ಇದ್ದವರಲ್ಲಿ ವಪೆ ನಿಜವಾಗಿಯೂ ಸೊರಗಿರುತ್ತದೆ, ಅವರಿಗೆ ಇದರಿಂದ ಅನುಕೂಲ ಆಗಬಹುದು. ಸಾಮಾನ್ಯ ಕ್ರಮವೆಂದರೆ, ವ್ಯಕ್ತಿ ಎಳೆಯಬಲ್ಲ ಗರಿಷ್ಠ ಒತ್ತಡದ ಸುಮಾರು ಶೇ 30ರಿಂದ ಶುರು, ಒಂದು ಕಂತಿಗೆ 30 ಉಸಿರು, ದಿನಕ್ಕೆ ಎರಡು ಕಂತು. ಆ ಗರಿಷ್ಠ ಒತ್ತಡವನ್ನು ಅಳೆಯದೆ ಅಂದಾಜಿನ ಮೇಲೆ ಭಾರ ಇಡುವುದು ನಮಗೆ ಒಪ್ಪಿಗೆ ಇಲ್ಲ. ಫಿಸಿಯೋಥೆರಪಿಸ್ಟ್ ಹೇಳಿದರೆ ಮಾತ್ರ ಕೊಳ್ಳಿ. ಕೊಳ್ಳುವಾಗ ಸ್ಪ್ರಿಂಗ್ ಇರುವುದನ್ನೇ ನೋಡಿ. ತೂತಿನ ಗಾತ್ರ ಬದಲಿಸುವ ಬಗೆಯಲ್ಲಿ ನಿಧಾನವಾಗಿ ಎಳೆದಾಗ ಭಾರ ತಾನೇ ಇಳಿದುಹೋಗುತ್ತದೆ, ಅಭ್ಯಾಸ ಮಾಡಿದಂತೆ ಅನ್ನಿಸುತ್ತದೆ, ಸ್ನಾಯುವಿಗೆ ಏನೂ ತಟ್ಟಿರುವುದಿಲ್ಲ. ಶ್ವಾಸಕೋಶದ ಹೊರಗೆ ಗಾಳಿ ಸೇರಿಕೊಳ್ಳುವ ನ್ಯುಮೋಥೊರಾಕ್ಸ್ ಆಗಿದ್ದವರು, ಪಕ್ಕೆಲುಬು ಮುರಿದವರು, ಕಿವಿತಮಟೆ ಹರಿದವರು ವೈದ್ಯರನ್ನು ಕೇಳದೆ ಇದನ್ನು ಮುಟ್ಟಬಾರದು. ತೀವ್ರ ಕೋವಿಡ್ ನ್ಯುಮೋನಿಯಾದ ನಂತರ ನ್ಯುಮೋಥೊರಾಕ್ಸ್ ಆಗುವುದುಂಟು. ಆಗಿದ್ದವರು ಚೆಂಡಿನ ಸಾಧನವನ್ನೂ ಕೇಳಿಯೇ ಬಳಸಲಿ.

ಏದುಸಿರಿಗೆ ಯಾವಾಗಲೂ ಶ್ವಾಸಕೋಶವೇ ಕಾರಣ ಎಂಬ ನಂಬಿಕೆ ಈ ಸಾಧನಗಳ ಮಾರಾಟಕ್ಕೆ ಆಧಾರ. ಎರಡು ಮೂರು ವಾರ ಹಾಸಿಗೆ ಹಿಡಿದವರ ತೊಡೆಗಳನ್ನು ಮುಟ್ಟಿ ನೋಡಿದರೆ ಬೇರೆಯೇ ಉತ್ತರ ಸಿಗುತ್ತದೆ. ಜ್ವರ, ಚಲನೆಯಿಲ್ಲದ ದಿನಗಳು, ಸ್ಟೀರಾಯ್ಡ್, ಸೇರದ ಊಟ, ಎಲ್ಲ ಸೇರಿ ಕಾಲಿನ ಸ್ನಾಯು ಕರಗಿರುತ್ತದೆ. ಸೊರಗಿದ ಸ್ನಾಯು ಚಿಕ್ಕ ಕೆಲಸಕ್ಕೂ ಬೇಗ ದಣಿಯುತ್ತದೆ, ದಣಿದಾಗ ದೇಹ ಉಸಿರಾಟವನ್ನು ಏರಿಸುತ್ತದೆ. ಮೆಟ್ಟಿಲು ಹತ್ತುವಾಗ ಬರುವ ಏದುಸಿರಿನಲ್ಲಿ ದೊಡ್ಡ ಪಾಲು ಹೀಗೆ ತೊಡೆಯದ್ದಾಗಿರಬಹುದು. ಚೆಂಡು ಎಷ್ಟು ಎತ್ತಿದರೂ ತೊಡೆ ಗಟ್ಟಿಯಾಗದು.

ಆದ್ದರಿಂದ ಕುರ್ಚಿ. ಕೈಯಿಲ್ಲದ, ಅಲುಗಾಡದ, ಸುಮಾರು 46 ಸೆಂ.ಮೀ. ಎತ್ತರದ ಕುರ್ಚಿಯನ್ನು ಗೋಡೆಗೆ ಒತ್ತಿ ಇಡಿ. ಪಾದ ನೆಲಕ್ಕೆ ಪೂರ್ತಿ ತಾಗಿರಲಿ, ಕೈಗಳನ್ನು ಎದೆಯ ಮೇಲೆ ಕಟ್ಟಿಕೊಳ್ಳಿ. ಉಸಿರು ಬಿಡುತ್ತ ಏಳಿ, ಎಳೆಯುತ್ತ ಕುಳಿತುಕೊಳ್ಳಿ. ಏಳುವ ಗಳಿಗೆಯಲ್ಲಿ ಉಸಿರು ಕಟ್ಟುವವರೇ ಹೆಚ್ಚು, ಅರ್ಧ ಏದುಸಿರು ಅಲ್ಲೇ ಹುಟ್ಟುತ್ತದೆ. ಮೊದಲ ದಿನ 5 ಸಲ, ವಿಶ್ರಾಂತಿ, ಮತ್ತೆ 5 ಸಲ. ಕೈ ಊರದೆ ಏಳಲಾಗದಿದ್ದರೆ ಸೀಟಿನ ಮೇಲೆ ಗಟ್ಟಿ ದಿಂಬು ಹಾಕಿ ಎತ್ತರಿಸಿಕೊಳ್ಳಿ, ಬಲ ಬಂದಂತೆ ದಿಂಬು ತೆಗೆಯಿರಿ. ಜೊತೆಗೆ ಕುರ್ಚಿಯ ಬೆನ್ನು ಹಿಡಿದು ಹಿಮ್ಮಡಿ ಎತ್ತುವುದು, ನಿಂತಲ್ಲೇ ಹೆಜ್ಜೆ ಹಾಕುವುದು, ಸಮತಟ್ಟು ನೆಲದಲ್ಲಿ 5 ನಿಮಿಷದ ನಡಿಗೆ. ಇವಕ್ಕೆ ಏನನ್ನೂ ಕೊಳ್ಳಬೇಕಾಗಿಲ್ಲ.

ಎಷ್ಟು ಎಂಬುದಕ್ಕೆ ಅಳತೆಗೋಲು ಬೋರ್ಗ್ ಮಾಪಕ. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ 0ಯಿಂದ 10ರ ಈ ಮಾಪಕದಲ್ಲಿ 0 ಎಂದರೆ ಏದುಸಿರೇ ಇಲ್ಲ, 10 ಎಂದರೆ ಇನ್ನು ತಡೆಯಲಾಗದು. ಶುರುವಿನಲ್ಲಿ 3 ದಾಟಬೇಡಿ. ಪೂರ್ತಿ ವಾಕ್ಯ ಮಾತಾಡಲು ಬರುತ್ತಿರಬೇಕು, ಹಾಡಲು ಕಷ್ಟವಾದರೆ ಪರವಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಕೋವಿಡ್ ನಂತರದ ಸ್ವಆರೈಕೆಗೆ ಹೊರತಂದ ಕೈಪಿಡಿಯಲ್ಲಿ ವ್ಯಾಯಾಮಕ್ಕೆ ಮರಳುವ ದಾರಿಯನ್ನು 5 ಹಂತ ಮಾಡಿದೆ, ಒಂದೊಂದು ಹಂತದಲ್ಲೂ ಕನಿಷ್ಠ 7 ದಿನ ಇರಬೇಕು ಎನ್ನುತ್ತದೆ. ಚೆನ್ನಾಗಿದ್ದೇನೆ ಅನ್ನಿಸಿದ ದಿನ ಎರಡು ಹಂತ ಜಿಗಿಯುವವರೇ ಮುಂದೆ ಮಲಗುವುದು.

ಅದಕ್ಕೂ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು. ಚಿಕ್ಕ ಕೆಲಸ ಮಾಡಿದ ಮೇಲೆ, ಆ ಕೂಡಲೇ ಅಲ್ಲ, 12ರಿಂದ 72 ಗಂಟೆಗಳ ಒಳಗೆ ಮೈಯೆಲ್ಲ ಕುಸಿದಂತಾಗುವುದು, ತಲೆ ಮಂಕಾಗುವುದು, ಜ್ವರ ಬಂದಂತೆ ಮೈಕೈ ನೋಯುವುದು, ಅದು ದಿನಗಟ್ಟಲೆ ಉಳಿಯುವುದು ಇದೆಯೇ? ಇದ್ದರೆ ಅದು ಶ್ರಮದ ನಂತರ ಲಕ್ಷಣಗಳು ಉಲ್ಬಣಿಸುವ ಸ್ಥಿತಿ. ಅಂಥವರಿಗೆ ದಿನದಿನಕ್ಕೆ ವ್ಯಾಯಾಮ ಏರಿಸುವ ಯಾವ ಯೋಜನೆಯೂ ಹಾನಿಯೇ. ಮನಸ್ಸು ಗಟ್ಟಿ ಮಾಡಿಕೊಂಡರೆ ದಾಟಬಹುದು ಎಂಬ ಸಲಹೆ ಎಷ್ಟೋ ಜನರನ್ನು ಹಾಸಿಗೆಗೆ ಮರಳಿಸಿದೆ. ಇಲ್ಲಿ ದಾರಿ ಬೇರೆ: ಇರುವ ಶಕ್ತಿಯ ಮಿತಿಯೊಳಗೆ ಕೆಲಸ ಹಂಚಿಕೊಳ್ಳುವುದು, ಸುಸ್ತಾಗುವ ಮುನ್ನವೇ ನಿಲ್ಲಿಸುವುದು, ಹಲ್ಲುಜ್ಜುವುದು ಸ್ನಾನ ಮಾಡುವುದನ್ನೂ ಕುಳಿತು ಮಾಡುವುದು. ಸಾಧನಗಳೆಲ್ಲ ಆಮೇಲೆ.

ಆಕ್ಸಿಮೀಟರ್ ಬಗ್ಗೆ ಸ್ವಲ್ಪ. ವ್ಯಾಯಾಮಕ್ಕೆ ಚೆಂಡಿಗಿಂತ ಇದು ಹೆಚ್ಚು ಬೇಕಾದ ಸಾಧನ, ಆದರೆ ಓದುವ ರೀತಿ ಬರಬೇಕು. ಕೈ ತಣ್ಣಗಿದ್ದರೆ ಉಜ್ಜಿ ಬೆಚ್ಚಗೆ ಮಾಡಿಕೊಳ್ಳಿ, ಉಗುರುಬಣ್ಣ ತೆಗೆಯಿರಿ, ಕೈ ಅಲ್ಲಾಡಿಸದೆ ಅಂಕಿ ನಿಲ್ಲುವವರೆಗೆ ಅರ್ಧ ನಿಮಿಷವಾದರೂ ಕಾಯಿರಿ. ಕಪ್ಪು ಮೈಬಣ್ಣದವರಲ್ಲಿ ಇದು ಇರುವುದಕ್ಕಿಂತ ಹೆಚ್ಚು ತೋರಿಸುವ ಸಾಧ್ಯತೆ ಇದೆ ಎಂಬುದು ಅಧ್ಯಯನಗಳಲ್ಲಿ ಕಂಡುಬಂದಿದೆ. ಹಾಗಾಗಿ ಒಂದು ಅಂಕಿಗಿಂತ ಅದು ಎಷ್ಟು ಇಳಿಯಿತು ಎಂಬುದಕ್ಕೆ ಬೆಲೆ ಕೊಡಿ. ಕುಳಿತಾಗ ನೋಡಿ, 1 ನಿಮಿಷ ಕುರ್ಚಿಯಿಂದ ಎದ್ದು ಕುಳಿತು ಮಾಡಿ, ನಿಲ್ಲಿಸಿದ ಮೇಲೂ ಒಂದು ನಿಮಿಷ ನೋಡುತ್ತಿರಿ. ರಕ್ತ ಬೆರಳಿಗೆ ತಲುಪುವುದು ತಡ, ಆದ್ದರಿಂದ ಅತಿ ಕಡಿಮೆ ಅಂಕಿ ಸಾಮಾನ್ಯವಾಗಿ ಕುಳಿತ ಮೇಲೆಯೇ ಬರುತ್ತದೆ. ನಿಲ್ಲಿಸಿದ ಕೂಡಲೇ ಬೆರಳಿಂದ ತೆಗೆದುಬಿಟ್ಟರೆ ಆ ಇಳಿತ ಕಣ್ಣಿಗೆ ಬೀಳುವುದೇ ಇಲ್ಲ. 3 ಅಥವಾ ಹೆಚ್ಚು ಅಂಕ ಇಳಿದರೆ ವೈದ್ಯರಿಗೆ ತಿಳಿಸಿ. ಸುಮ್ಮನೆ ಕುಳಿತಾಗಲೇ 92 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಈ ಪರೀಕ್ಷೆಯೇ ಬೇಡ, ವೈದ್ಯರನ್ನು ಕಾಣಿ. ಹಳೆಯ ಶ್ವಾಸಕೋಶದ ಕಾಯಿಲೆಗೆ ವೈದ್ಯರು ಬೇರೆ ಮಿತಿ ಹೇಳಿದ್ದರೆ ಅದು ಬೇರೆ. ವ್ಯಾಯಾಮದ ನಡುವೆ 88ಕ್ಕೆ ಇಳಿದರೆ ಅಲ್ಲಿಗೇ ನಿಲ್ಲಿಸಿ. ಎದೆನೋವು, ಎದೆಬಡಿತ ತಪ್ಪುವುದು, ಕಣ್ಣು ಕತ್ತಲಿಡುವುದು, ಕಫದಲ್ಲಿ ರಕ್ತ, ಒಂದೇ ಕಾಲಿನ ಮೀನಖಂಡ ಊದಿ ನೋಯುವುದು, ಇವು ಕಂಡರೆ ಅಂಕಿ ಎಷ್ಟಿದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಕೋವಿಡ್‌ನಲ್ಲಿ ಹೃದಯದ ಸ್ನಾಯುವಿನ ಉರಿಯೂತ ಆಗಿದ್ದವರು ಸಾಮಾನ್ಯವಾಗಿ 3ರಿಂದ 6 ತಿಂಗಳು ಭಾರಿ ವ್ಯಾಯಾಮ ಮಾಡುವಂತಿಲ್ಲ.

ಒಬ್ಬರೇ ಮಾಡಲು ಧೈರ್ಯ ಸಾಲದವರಿಗೆ ಮಾರ್ಗದರ್ಶನದ ಗುಂಪು ತರಗತಿಗಳು ಸಾಧನಕ್ಕಿಂತ ಒಳ್ಳೆಯ ಖರ್ಚು. ಬ್ರಿಟನ್‌ನಲ್ಲಿ ನಡೆದ ರಿಗೇನ್ ಅಧ್ಯಯನದಲ್ಲಿ, ಆಸ್ಪತ್ರೆಯಿಂದ ಬಿಡುಗಡೆಯಾಗಿ ಕನಿಷ್ಠ 3 ತಿಂಗಳಾಗಿಯೂ ತೊಂದರೆ ಉಳಿದಿದ್ದ 585 ಜನ ಭಾಗವಹಿಸಿದ್ದರು. ಅವರಲ್ಲಿ ಒಂದು ಗುಂಪಿಗೆ 8 ವಾರ ಆನ್‌ಲೈನ್‌ನಲ್ಲಿ ವ್ಯಾಯಾಮ ಮತ್ತು ಮನೋಬಲದ ಬೆಂಬಲ ಕೊಟ್ಟರು, ಇನ್ನೊಂದಕ್ಕೆ ಒಮ್ಮೆ ಸಲಹೆ ಕೊಟ್ಟು ಬಿಟ್ಟರು. ಮೊದಲ ಗುಂಪಿನವರ ಬದುಕಿನ ಗುಣಮಟ್ಟ ಹೆಚ್ಚು ಸುಧಾರಿಸಿತ್ತು. 2024ರಲ್ಲಿ ಫಲಿತಾಂಶ ಪ್ರಕಟವಾಯಿತು. ಮನೆಯಲ್ಲೇ ಕುಳಿತು, ಪರದೆಯ ಮೂಲಕ ನಡೆದ ಕಾರ್ಯಕ್ರಮ ಅದು ಎಂಬುದು ನಮಗೆ ಬಹಳ ಮುಖ್ಯ ಅನ್ನಿಸುತ್ತದೆ. ದಿನವೂ ಆಸ್ಪತ್ರೆಗೆ ಹೋಗಿ ಬರುವಷ್ಟು ತ್ರಾಣ ಇಲ್ಲದವರೇ ಇಂಥ ತರಗತಿ ಬೇಕಾದವರು.

ಕುಳಿತು ತುಳಿಯುವ ಚಿಕ್ಕ ಪೆಡಲ್ ಯಂತ್ರವನ್ನೂ ಕೆಲವರು ಕೇಳುತ್ತಾರೆ. ತೂಕ ಕಡಿಮೆ ಇರುವುದು ನೆಲದ ಮೇಲೆ ಜಾರುತ್ತದೆ, ಕೆಳಗೆ ರಬ್ಬರ್ ಹಾಸು ಬೇಕು. ನಿಲ್ಲಲು ಸಮತೋಲ ಸಾಲದವರಿಗೆ ಸರಿ, ಉಳಿದವರಿಗೆ ನಡಿಗೆಯೇ ಮೇಲು.

ಚೆಂಡಿನ ಸಾಧನವನ್ನು ಕೊಂಡೇ ಇದ್ದರೆ ಅದನ್ನು ಚೊಕ್ಕಟವಾಗಿಟ್ಟುಕೊಳ್ಳಿ. ಮೌತ್‌ಪೀಸನ್ನು ದಿನವೂ ಉಗುರುಬೆಚ್ಚನೆಯ ಸೋಪುನೀರಲ್ಲಿ ತೊಳೆದು, ಶುದ್ಧ ನೀರಲ್ಲಿ ಜಾಲಿಸಿ, ಒರೆಸದೆ ಗಾಳಿಗೆ ಒಣಗಿಸಿ. ಕುದಿಯುವ ನೀರಿಗೆ ಹಾಕಿದರೆ ಪ್ಲಾಸ್ಟಿಕ್ ಸೊಟ್ಟಗಾಗಿ ತುಟಿಯ ಹಿಡಿತ ಕೆಡುತ್ತದೆ. ಪೈಪನ್ನು ತೂಗುಹಾಕಿ ಒಣಗಿಸಬೇಕು, ಮಡಿಕೆಗಳಲ್ಲಿ ನೀರು ನಿಂತರೆ ಬೂಷ್ಟು ಕಟ್ಟುತ್ತದೆ. ಮೂರು ಚೆಂಡಿನ ಮುಖ್ಯ ಭಾಗವನ್ನು ನೀರಲ್ಲಿ ಮುಳುಗಿಸದೆ ಒದ್ದೆ ಬಟ್ಟೆಯಿಂದ ಒರೆಸಿ. ಒಬ್ಬರು ಬಳಸಿದ್ದನ್ನು ಇನ್ನೊಬ್ಬರಿಗೆ, ಮನೆಯವರಿಗೇ ಆದರೂ, ಕೊಡಬೇಡಿ. ಆ ಪೈಪಿನ ಮಡಿಕೆಗಳ ಒಳಗನ್ನು ಪೂರ್ತಿ ತೊಳೆಯುವ ಮಾರ್ಗ ಮನೆಯಲ್ಲಿಲ್ಲ. ಮೊದಲ ಚೆಂಡನ್ನು 5 ಸೆಕೆಂಡು ನಿರಾಯಾಸವಾಗಿ ತೇಲಿಸಿ, ದಿನಕ್ಕೆ ಮೂರು ನಾಲ್ಕು ಸಲ ಸುಸ್ತಿಲ್ಲದೆ ನಡೆದಾಡುವಂತಾದ ಮೇಲೆ ಅದನ್ನು ಎತ್ತಿಡಬಹುದು.